ಶಾಲೆಯ ಲ್ಯಾಪ್‌ಟಾಪಿನಲ್ಲಿ ಸಿಕ್ಕಿಬಿದ್ದ ಮಹಿಷಾಸುರ

ಕಳೆದ ವರ್ಷ ನವರಾತ್ರಿ ಮುಗಿದ ಮರುವಾರ, ನಾನು ಕಚೇರಿಯ ಮೀಟಿಂಗಿನಲ್ಲಿದ್ದಾಗ ಮಗನ ಶಾಲೆಯ ಕೌನ್ಸೆಲರ್ ಫೋನ್ ಮಾಡಿದರು. ಫಿಲಡೆಲ್ಫಿಯಾದ ಹೊರವಲಯದ ಈ ಊರಿಗೆ ನಾವು ಬಂದು ಒಂಬತ್ತು ವರ್ಷಗಳಾಗಿವೆ. ಶಾಲೆಯಿಂದ ಫೋನ್ ಬಂದರೆ ಜ್ವರವೋ ಹೊಟ್ಟೆನೋವೋ ಇರಬೇಕೆಂದು ಅಂದುಕೊಳ್ಳುವುದು ರೂಢಿಯಾಗಿದೆ. ಈ ಸಲ ಅವರ ದನಿ ಬೇಕಾದ್ದಕ್ಕಿಂತ ಹೆಚ್ಚು ಮೆತ್ತಗಿತ್ತು, ಅದರಿಂದಲೇ ನನ್ನ ಎದೆ ಧಸಕ್ಕೆಂದಿತು. ಆರನೆಯ ತರಗತಿಯಲ್ಲಿ ಓದುತ್ತಿದ್ದ ಮಗ ಹಿಂದಿನ ರಾತ್ರಿ 9 ಗಂಟೆ 40 ನಿಮಿಷಕ್ಕೆ ಶಾಲೆಯ ಲ್ಯಾಪ್‌ಟಾಪಿನಲ್ಲಿ ಬರೆದ ಬರಹವೊಂದರಲ್ಲಿ ಕತ್ತಿ, ರಕ್ತ, ಕೊಲ್ಲುವುದು, ತಲೆ ಕತ್ತರಿಸುವುದು ಎಂಬ ಮಾತುಗಳು ಒಂದೇ ಪ್ಯಾರಾದಲ್ಲಿ ಬಂದಿವೆ, ಆದ್ದರಿಂದ ಮಕ್ಕಳ ಬರಹವನ್ನು ಗಮನಿಸುವ ತಂತ್ರಾಂಶದಿಂದ ತಮಗೆ ಅಲರ್ಟ್ ಬಂದಿದೆ ಎಂದು ಹೇಳಿ, ಮನೆಯಲ್ಲಿ ಎಲ್ಲವೂ ಸರಿಯಾಗಿದೆಯೇ ಎಂದು ಕೇಳಿದರು.

ಅದು ‘ನಮ್ಮ ಮನೆಯ ಹಬ್ಬ’ ಎಂಬ ವಿಷಯದ ಮೇಲೆ ಇಂಗ್ಲಿಷ್ ಟೀಚರ್ ಬರೆಯಲು ಹೇಳಿದ್ದ ಪ್ರಬಂಧ. ಮಗ ದಸರೆಯನ್ನು ಆರಿಸಿಕೊಂಡು, ಚಾಮುಂಡೇಶ್ವರಿಯು ಮಹಿಷಾಸುರನನ್ನು ಸಂಹರಿಸಿದ ಕಥೆಯನ್ನು ತನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ, ತನಗೆ ತೋಚಿದಷ್ಟು ರಕ್ತ ಸೇರಿಸಿ ಬರೆದಿದ್ದ. ಹಿಂದಿನ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಹಾವು ಹಿಡಿದು ನಿಂತಿರುವ ಆ ಬಣ್ಣದ ಮಹಿಷಾಸುರನ ಮುಂದೆ ಅವನು ಹತ್ತು ನಿಮಿಷ ಅಲುಗಾಡದೆ ನಿಂತಿದ್ದ. ಅದೆಲ್ಲವೂ ಆ ಪ್ಯಾರಾದೊಳಗೆ ಇಳಿದಿತ್ತು. ನಾನು ವಿವರಿಸಿದ ಮೇಲೆ ಕೌನ್ಸೆಲರ್ ನಕ್ಕರು, ಕ್ಷಮೆಯನ್ನೂ ಕೇಳಿದರು. ಆ ಹೆಣ್ಣುಮಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಿಜವಾಗಿಯೂ ಸಂಕಟದಲ್ಲಿರುವ ಮಗುವೊಂದು ಹಾಗೆ ಬರೆದಿದ್ದರೆ ಅವರು ಫೋನ್ ಮಾಡಲೇಬೇಕಾಗಿತ್ತು. ಸಂಜೆ ಮೈಸೂರಿನಲ್ಲಿರುವ ನಮ್ಮಮ್ಮನಿಗೆ ವಿಷಯ ಹೇಳಿದಾಗ, “ಅಸುರನ್ನ ಕೊಂದಿದ್ದಕ್ಕೆ ಸ್ಕೂಲಿನವರು ಯಾಕೇ ಫೋನ್ ಮಾಡಬೇಕು?” ಎಂದರು. ಅವರಿಗೆ ಉತ್ತರ ಹೇಳುವುದು ಕೌನ್ಸೆಲರಿಗೆ ವಿವರಿಸಿದ್ದಕ್ಕಿಂತ ಕಷ್ಟವಾಯಿತು.

ಆಗಸ್ಟ್ ತಿಂಗಳ ಕೊನೆಗೆ ಇಲ್ಲಿನ ಶಾಲೆಗಳು ಮತ್ತೆ ಲ್ಯಾಪ್‌ಟಾಪ್ ಹಂಚಲಿವೆ. ಈ ಬರಹವನ್ನು ಓದುವ ಕನ್ನಡದ ಅಮ್ಮಂದಿರು, ಅಪ್ಪಂದಿರು ಎಷ್ಟೋ ಜನ ಮೊದಲ ಬಾರಿಗೆ ಅದನ್ನು ಮನೆಗೆ ತರಲಿದ್ದೀರಿ. ಆ ಯಂತ್ರವನ್ನು ನಾವು ಮನೆಯೊಳಗೆ ಬಿಟ್ಟುಕೊಳ್ಳುವ ರೀತಿಯಲ್ಲೇ ತಪ್ಪಿದೆ ಎಂದು ನನಗೆ ಅನ್ನಿಸುತ್ತದೆ, ಮತ್ತು ಆ ತಪ್ಪನ್ನು ಮೊದಲು ಮಾಡಿದವಳು ನಾನೇ.

ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ, ಅಂದರೆ ಈ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದಲ್ಲಿ, ಹಂಚಿಕೆ ನಡೆಯುವುದು ಶಾಲೆಯ ಪಾರ್ಕಿಂಗ್ ಜಾಗದಲ್ಲಿ. ಕಾರಿನಲ್ಲಿ ಕುಳಿತೇ ಸಾಲಿನಲ್ಲಿ ಮುಂದೆ ಸಾಗಿ, ಮಗನ ಹೆಸರು ಹೇಳಿದರೆ, ಒಬ್ಬರು ಬಾರ್‌ಕೋಡ್ ಚೀಟಿಯನ್ನು ಸ್ಕ್ಯಾನ್ ಮಾಡಿ ಕಪ್ಪು ಚೀಲದೊಳಗಿನ ಕ್ರೋಮ್‌ಬುಕ್ಕನ್ನು (ಗೂಗಲ್‌ನ ತಂತ್ರಾಂಶದಿಂದ ನಡೆಯುವ ಲ್ಯಾಪ್‌ಟಾಪ್) ಕಿಟಕಿಯಿಂದ ಒಳಗೆ ಕೊಡುತ್ತಾರೆ. ಇನ್ನೊಬ್ಬರು ಹದಿನಾಲ್ಕು ಪುಟದ ಒಪ್ಪಂದ ಪತ್ರವನ್ನು ಕೊಟ್ಟು ಕೊನೆಯ ಪುಟದಲ್ಲಿ ಸಹಿ ಮಾಡಿ ಎನ್ನುತ್ತಾರೆ. ಹಿಂದಿನ ಕಾರು ಹಾರ್ನ್ ಮಾಡದಿದ್ದರೂ ಮಾಡಿದಂತೆ ಅನ್ನಿಸುತ್ತದೆ. ನಾನು ಸ್ಟೀರಿಂಗಿನ ಮೇಲೆಯೇ ಕಾಗದವನ್ನಿಟ್ಟು ಸಹಿ ಮಾಡಿದೆ. ಗೃಹಸಾಲದ ಕಾಗದಗಳನ್ನು ಎರಡು ವಾರ ಓದಿದ ನಾನು, ಮಗನ ವರ್ಷವಿಡೀ ಬರಹವನ್ನು ಯಾರು ಯಾರು ಓದಬಹುದು ಎಂದು ಹೇಳುವ ಕಾಗದವನ್ನು ಎರಡು ನಿಮಿಷವೂ ಓದಲಿಲ್ಲ.

ಯಂತ್ರವೇನೋ ಸಾಧಾರಣವಾದದ್ದು. ಹನ್ನೊಂದು ಚಿಲ್ಲರೆ ಇಂಚಿನ ತೆರೆ, ಬಿದ್ದರೂ ಒಡೆಯದಂತೆ ಸುತ್ತ ರಬ್ಬರಿನ ಅಂಚು, 4 ಜಿ.ಬಿ. ಮೆಮೊರಿ. ಕ್ಯಾಪ್ಸ್ ಲಾಕ್ ಇರಬೇಕಾದ ಕಡೆ ಹುಡುಕುವ ಕೀಲಿ ಇದೆ. ಮೊದಲ ವಾರದಲ್ಲಿಯೇ ಒಂದು ಸಂಜೆ ತೆರೆ ಪೂರ್ತಿ ತಲೆಕೆಳಗಾಗಿತ್ತು. ಯಂತ್ರ ಕೆಟ್ಟಿತೆಂದು ನಾನು ಶಾಲೆಯ ಸಹಾಯವಾಣಿಯ ನಂಬರ್ ಹುಡುಕುತ್ತಿರುವಾಗ ಮಗ ಕಿಸಕ್ಕನೆ ನಕ್ಕ. ಕಂಟ್ರೋಲ್, ಶಿಫ್ಟ್, ರಿಫ್ರೆಶ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆ ಕಾಲು ಸುತ್ತು ತಿರುಗುತ್ತದೆ, ಎರಡು ಸಲ ಒತ್ತಿದರೆ ತಲೆಕೆಳಗು. ಇದನ್ನು ಆರನೆಯ ತರಗತಿಯ ಪ್ರತಿಯೊಂದು ಮಗುವೂ ಮೊದಲ ದಿನದ ಊಟದ ಹೊತ್ತಿಗೆ ಕಲಿತಿರುತ್ತದೆಯಂತೆ.

ಸಿದ್ಧಪಡಿಸುವ ಕೆಲಸವೂ ಹೆಚ್ಚೇನಿಲ್ಲ. ಮನೆಯ ವೈಫೈ ಪಾಸ್‌ವರ್ಡ್ ಕೊಟ್ಟು, ಶಾಲೆಯ ಖಾತೆಯಿಂದ ಲಾಗಿನ್ ಆದರೆ ಸಾಕು. ಉಳಿದದ್ದೆಲ್ಲ ತಾನಾಗಿಯೇ ಬಂದು ಕೂರುತ್ತದೆ. ಈ ‘ತಾನಾಗಿಯೇ’ ಎಂಬುದರಲ್ಲಿಯೇ ವಿಷಯವಿದೆ. ನಮ್ಮ ಯಜಮಾನರು ಸಾಫ್ಟ್‌ವೇರಿನವರು. ಯಾವ ಯಂತ್ರ ಮನೆಗೆ ಬಂದರೂ ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡಬೇಕೆಂಬ ಮಡಿ ಅವರದು. ಕ್ರೋಮ್‌ಬುಕ್ಕಿನಲ್ಲಿ ಅದಕ್ಕೆ ಪವರ್‌ವಾಶ್ ಎಂಬ ಆಯ್ಕೆಯಿದೆ, ಆದರೆ ಶಾಲೆಯ ಯಂತ್ರದಲ್ಲಿ ಅದನ್ನು ಮುಚ್ಚಿದ್ದರು. ಬೇರೆ ದಾರಿಯಿಂದ ಅಳಿಸಿದರೂ ಪ್ರಯೋಜನವಿಲ್ಲವೆಂದು ಆಮೇಲೆ ಅವರೇ ಓದಿ ಹೇಳಿದರು: ಪುನಃ ಇಂಟರ್‌ನೆಟ್ ಸಿಕ್ಕಿದ ಕೂಡಲೇ ಯಂತ್ರವು ತನ್ನ ಸೀರಿಯಲ್ ಸಂಖ್ಯೆಯ ಮೂಲಕ ತಾನು ಯಾರದೆಂದು ಗೂಗಲ್‌ನ ಸರ್ವರಿನಲ್ಲಿ ವಿಚಾರಿಸಿಕೊಂಡು, ಶಾಲೆಯ ಎಲ್ಲ ಕಟ್ಟಳೆಗಳನ್ನೂ ಮತ್ತೆ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬಂದ ಬೆಕ್ಕು ನಮಗಿಂತ ಮೊದಲೇ ಮನೆಗೆ ಬಂದಿರುವಂತೆ.

ಕಟ್ಟಳೆಗಳು ಯಂತ್ರಕ್ಕೆ ಮಾತ್ರವಲ್ಲ, ಖಾತೆಗೂ ಅಂಟಿರುತ್ತವೆ ಎಂಬುದು ನನಗೆ ತಿಳಿದದ್ದು ಒಂದು ಸೀರೆಯಿಂದ. ಒಂದು ದಿನ ಮಗ ಚಾರ್ಜರನ್ನು ಶಾಲೆಯಲ್ಲಿಯೇ ಮರೆತು ಬಂದು, ಹೋಮ್‌ವರ್ಕ್ ಮುಗಿಸಲು ನನ್ನ ಸ್ವಂತ ಲ್ಯಾಪ್‌ಟಾಪಿನ ಕ್ರೋಮ್ ಬ್ರೌಸರಿನಲ್ಲಿ ತನ್ನ ಶಾಲೆಯ ಖಾತೆಯಿಂದ ಲಾಗಿನ್ ಆಗಿದ್ದ. ಎರಡು ದಿನಗಳ ನಂತರ ನಾನು ಅಣ್ಣನ ಮಗಳ ಮದುವೆಗೆಂದು ರೇಷ್ಮೆ ಸೀರೆ ನೋಡಲು ಅದೇ ಬ್ರೌಸರಿನಲ್ಲಿ ಅಂಗಡಿಯೊಂದರ ಪುಟ ತೆರೆದರೆ, ಈ ಪುಟವನ್ನು ನಿಮ್ಮ ಶಾಲೆ ತಡೆದಿದೆ ಎಂಬ ಫಲಕ ಎದುರಾಯಿತು. ನಲವತ್ತೆರಡು ವರ್ಷದ ನನಗೆ ಶಾಲೆಯೇ! ಅವನ ಖಾತೆಯ ಜೊತೆಗೆ ಶಾಲೆಯ ಫಿಲ್ಟರ್ ನನ್ನ ಬ್ರೌಸರಿನೊಳಗೂ ಬಂದು ಕೂತಿತ್ತು. ಎರಡು ದಿನ ನಾನು ಆ ಪ್ರೊಫೈಲಿನಲ್ಲಿ (ಬ್ರೌಸರಿನೊಳಗೆ ಒಂದೊಂದು ಖಾತೆಗೆ ಇರುವ ಪ್ರತ್ಯೇಕ ಜಾಗ) ನೋಡಿದ್ದೆಲ್ಲ ಮಗನ ಹೆಸರಿನಲ್ಲಿ ದಾಖಲಾಗಿರಬಹುದು. ನನ್ನ ರಕ್ತಪರೀಕ್ಷೆಯ ವರದಿಯನ್ನೂ ಅಲ್ಲಿಯೇ ನೋಡಿದ್ದೆ ಎಂಬುದು ನೆನಪಾಗಿ ಮೈ ಬೆವೆತಿತು. ಈಗ ನನ್ನ ಯಂತ್ರದಲ್ಲಿ ಅವನಿಗೆ ಬೇರೆಯೇ ಪ್ರೊಫೈಲ್ ಇದೆ, ಬೇರೆ ಬಣ್ಣದ್ದು, ಕಣ್ಣಿಗೆ ಹೊಡೆಯುವಂಥದ್ದು. ದಯವಿಟ್ಟು ಇದೊಂದನ್ನು ನೀವೂ ಮೊದಲ ದಿನವೇ ಮಾಡಿಕೊಳ್ಳಿ. ಹಾಗೆಯೇ, ಎಷ್ಟೇ ತುರ್ತಾದರೂ ಮಗುವಿನ ಶಾಲೆಯ ಯಂತ್ರದಲ್ಲಿ ನಿಮ್ಮ ಬ್ಯಾಂಕನ್ನೋ ಈಮೇಲನ್ನೋ ತೆರೆಯಬೇಡಿ.

ಇಷ್ಟೆಲ್ಲ ಕಾವಲು ಏಕೆ ಎಂದು ಕೇಳಿದರೆ ಶಾಲೆಯವರು ಕಾನೂನಿನ ಕಡೆಗೆ ಕೈತೋರಿಸುತ್ತಾರೆ. ಇಂಟರ್‌ನೆಟ್ ವೆಚ್ಚದಲ್ಲಿ ಕೇಂದ್ರ ಸರ್ಕಾರದ ರಿಯಾಯಿತಿ ಪಡೆಯುವ ಶಾಲೆಗಳು ಅಶ್ಲೀಲ ಚಿತ್ರಗಳನ್ನು ತಡೆಯುವ ಫಿಲ್ಟರ್ ಹಾಕಿರಬೇಕು, ಮಕ್ಕಳು ಆನ್‌ಲೈನಿನಲ್ಲಿ ಏನು ಮಾಡುತ್ತಾರೆಂದು ಗಮನಿಸುತ್ತಿರಬೇಕು ಎಂದು ಅಮೆರಿಕದಲ್ಲಿ 2000ದ ಡಿಸೆಂಬರಿನಲ್ಲಿ ಬಂದ ಕಾನೂನು ಹೇಳುತ್ತದೆ ನಿಜ. ಆದರೆ ಗುರುತಿಸಬಹುದಾದ ಯಾವುದೇ ಮಗುವಿನ ಅಥವಾ ದೊಡ್ಡವರ ಇಂಟರ್‌ನೆಟ್ ಬಳಕೆಯ ಜಾಡು ಹಿಡಿಯಬೇಕೆಂದು ಈ ಕಾನೂನು ಒತ್ತಾಯಿಸುತ್ತದೆಂದು ಅರ್ಥೈಸಬಾರದು ಎಂಬ ಮಾತೂ ಅದೇ ಕಾನೂನಿನೊಳಗಿದೆ. ಅಂದರೆ ರಾತ್ರಿ 9 ಗಂಟೆ 40 ನಿಮಿಷಕ್ಕೆ ನನ್ನ ಮಗನ ಪ್ರಬಂಧವನ್ನು ಪದ ಪದವಾಗಿ ಜರಡಿ ಹಿಡಿದದ್ದು ಕಾನೂನಿನ ಒತ್ತಾಯದಿಂದಲ್ಲ. ಅದು ಶಾಲೆ ತಾನಾಗಿ ಹಣ ಕೊಟ್ಟು ಕೊಂಡ ಸೇವೆ. ಕೊಂಡದ್ದೂ ತಪ್ಪಲ್ಲದಿರಬಹುದು. ಕೊಂಡಿದ್ದೇವೆ ಎಂದು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳದಿರುವುದು ತಪ್ಪು.

ಈ ಮಾತಿಗೆ ನಮ್ಮ ಊರಿನ ಪಕ್ಕದಲ್ಲಿಯೇ ಇತಿಹಾಸವಿದೆ. ಲೋವರ್ ಮೆರಿಯನ್ ಎಂಬ ಸ್ಕೂಲ್ ಡಿಸ್ಟ್ರಿಕ್ಟ್ ತನ್ನ ಹೈಸ್ಕೂಲು ಮಕ್ಕಳಿಗೆಲ್ಲ ಮ್ಯಾಕ್‌ಬುಕ್ ಕೊಟ್ಟಿತ್ತು. ಕಳುವಾದರೆ ಹುಡುಕಲೆಂದು ಅದರೊಳಗೆ ದೂರದಿಂದಲೇ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವ ತಂತ್ರಾಂಶವನ್ನೂ ಇಟ್ಟಿತ್ತು, ಆದರೆ ಮನೆಯವರಿಗೆ ಹೇಳಿರಲಿಲ್ಲ. ವಿದ್ಯಾರ್ಥಿಯೊಬ್ಬ ತನ್ನ ಮನೆಯೊಳಗೆ ಇದ್ದಾಗ ತೆಗೆದ ಚಿತ್ರವನ್ನು ಮುಂದಿಟ್ಟುಕೊಂಡು ಶಾಲೆಯವರು ವಿಚಾರಿಸಿದ್ದರಿಂದ ವಿಷಯ ಹೊರಬಿತ್ತು. ಆ ಚಿತ್ರದಲ್ಲಿ ಅವರು ಮಾದಕ ಮಾತ್ರೆ ಎಂದುಕೊಂಡದ್ದು ಮಿಠಾಯಿಯೆಂದು ಹುಡುಗನ ಕಡೆಯವರು ಹೇಳಿದರು. 2010ರ ಫೆಬ್ರುವರಿಯಲ್ಲಿ ಮೊಕದ್ದಮೆ ಹೂಡಲಾಯಿತು. ಮಕ್ಕಳ ಯಂತ್ರಗಳಿಂದ 50,000ಕ್ಕೂ ಹೆಚ್ಚು ಕ್ಯಾಮೆರಾ ಚಿತ್ರಗಳೂ ತೆರೆಯ ಚಿತ್ರಗಳೂ ಸಂಗ್ರಹವಾಗಿದ್ದವೆಂದು ತನಿಖೆಯಲ್ಲಿ ತಿಳಿಯಿತು, ಅದೇ ವರ್ಷ ಡಿಸ್ಟ್ರಿಕ್ಟ್ 6,10,000 ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಇಂದಿನ ಕೆಲವು ಕ್ರೋಮ್‌ಬುಕ್ಕುಗಳ ಕ್ಯಾಮೆರಾಕ್ಕೆ ಸಣ್ಣ ಮುಚ್ಚಳವಿರುವುದನ್ನು ಕಂಡಾಗಲೆಲ್ಲ ನನಗೆ ಆ ಮಿಠಾಯಿ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ತರಗತಿ ನಡೆಯದಿರುವಾಗ ಆ ಮುಚ್ಚಳ ಮುಚ್ಚಿಯೇ ಇರಬೇಕು, ಮತ್ತು ಯಂತ್ರವು ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜ್ ಆಗಬೇಕೇ ಹೊರತು ಮಲಗುವ ಕೋಣೆಯಲ್ಲಲ್ಲ.

ಇದನ್ನೆಲ್ಲ ಬರೆಯುತ್ತಿರುವವಳು ಶಾಲೆಯ ಲ್ಯಾಪ್‌ಟಾಪಿನ ವಿರೋಧಿಯಲ್ಲ. ಅಮೆರಿಕದ ಮೇನ್ ರಾಜ್ಯವು 2002ರಲ್ಲಿ ತನ್ನ ಸರ್ಕಾರಿ ಶಾಲೆಗಳ ಏಳನೆಯ ತರಗತಿಯ ಮಕ್ಕಳಿಗೆಲ್ಲ ಒಂದೊಂದು ಲ್ಯಾಪ್‌ಟಾಪ್ ಕೊಟ್ಟಾಗ, ಅಪ್ಪನಿಗೆ ಎಷ್ಟು ಸಂಬಳವಿದ್ದರೂ ಮಗುವಿನ ಮುಂದೆ ಒಂದೇ ಬಗೆಯ ಯಂತ್ರವಿರಲಿ ಎಂಬುದು ಆ ಯೋಜನೆಯ ಮುಖ್ಯ ಆಶಯಗಳಲ್ಲಿ ಒಂದಾಗಿತ್ತು, ಅದು ಇವತ್ತಿಗೂ ಸರಿಯೇ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಇಂಥ ಯಂತ್ರವಿಲ್ಲದ ಮಕ್ಕಳು ಪಾಠವನ್ನೇ ಕಳೆದುಕೊಂಡರು. ಮಗನ ಗಣಿತವೂ ಸುಧಾರಿಸಿದೆ. ತಪ್ಪು ಮಾಡಿದ ಲೆಕ್ಕವನ್ನು ಟೀಚರ್ ಅಲ್ಲಿಯೇ ಗುರುತು ಹಾಕಿ ಹಿಂತಿರುಗಿಸುತ್ತಾರೆ. ವಸಂತದಲ್ಲಿ ನಡೆಯುವ ರಾಜ್ಯದ ಪರೀಕ್ಷೆಯನ್ನು ಅವನು ಇದರಲ್ಲಿಯೇ ಬರೆದ.

ಹೋಲಿಕೆಗೆಂದು ಹೇಳುತ್ತೇನೆ. ಕರ್ನಾಟಕ ಸರ್ಕಾರವು 2019-20ನೇ ಸಾಲಿನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಟ್ಟಾಗ ನನ್ನ ತಂಗಿಯ ಮಗಳಿಗೂ ಒಂದು ಬಂತು. ಅದು ಅವಳದ್ದಾಯಿತು. ಅವಳು ಅದರ ಮೇಲೆ ಅಂಟಿಸಿಕೊಂಡ ಚಿತ್ರಗಳನ್ನು ಯಾರೂ ಕೀಳಿಸಲಿಲ್ಲ, ಅದರಲ್ಲಿ ಬರೆದ ಕವಿತೆಗಳನ್ನು ಯಾರೂ ಓದಲಿಲ್ಲ. ಪೇಟೆಯ ಅಂಗಡಿಯವನು ಹಾಕಿಕೊಟ್ಟ ಕದ್ದ ತಂತ್ರಾಂಶದಿಂದ ವೈರಸ್ ಬಂದಾಗಲೂ ಯಾರೂ ಕೇಳಲಿಲ್ಲ. ಕೊಡುಗೆಯ ಸುಖವೂ ಕಷ್ಟವೂ ಅವಳದೇ. ಇಲ್ಲಿನದ್ದು ಕೊಡುಗೆಯಲ್ಲ, ಎರವಲು. ಜೂನಿನಲ್ಲಿ ಚಾರ್ಜರ್ ಸಮೇತ ಎಣಿಸಿ ಒಪ್ಪಿಸಬೇಕು. ಎರವಲು ತಂದ ಪಾತ್ರೆಯನ್ನು ನಮ್ಮಜ್ಜಿ ಹೇಗೆ ಬಳಸುತ್ತಿದ್ದರೋ ಹಾಗೆ ಬಳಸಬೇಕಾದ ವಸ್ತುವನ್ನು, ಮಗನಿಗೆ ‘ನಿನ್ನ ಲ್ಯಾಪ್‌ಟಾಪ್’ ಎಂದು ನಾನೇ ಪರಿಚಯಿಸಿದ್ದೆ. ತನ್ನದು ಎಂದುಕೊಂಡದ್ದರಿಂದಲೇ ಅವನು ಅದರಲ್ಲಿ ಮನಸ್ಸು ಬಿಚ್ಚಿ ಬರೆದ.

ಕೌನ್ಸೆಲರ್ ಫೋನ್ ಮಾಡಿದ ಸಂಜೆ ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಮ್ಮಾ, ನಾನು ಬರೆದು ಅಳಿಸಿದ್ದನ್ನೂ ಅವರು ಓದ್ತಾರಾ?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆ. ಮುಂದಿನ ಪ್ರಬಂಧಕ್ಕೆ ಅವನು ದೀಪಾವಳಿಯನ್ನು ಆರಿಸಿಕೊಂಡ. ಅದರಲ್ಲಿ ನರಕಾಸುರ ಇರಲಿಲ್ಲ. ಎಣ್ಣೆಸ್ನಾನ, ದೀಪ, ಹೋಳಿಗೆ, ಪಕ್ಕದ ಮನೆಯವರಿಗೆ ಹಂಚಿದ ಡಬ್ಬಿ, ಇಷ್ಟೇ. ಟೀಚರ್ ಒಳ್ಳೆಯ ಅಂಕ ಕೊಟ್ಟರು. ನನಗೆ ಮಾತ್ರ ಆ ಪ್ರಬಂಧವನ್ನು ಓದುವಾಗ ಗಂಟಲು ಕಟ್ಟಿತು, ಏಕೆಂದರೆ ಹನ್ನೊಂದು ವರ್ಷದ ಹುಡುಗನೊಬ್ಬ ಯಾರೂ ಹೇಳದೆಯೇ ತನ್ನ ಕಥೆಯಿಂದ ಅಸುರನನ್ನು ತೆಗೆದುಹಾಕಿದ್ದ. ಪದಗಳನ್ನು ಜರಡಿ ಹಿಡಿಯುವ ತಂತ್ರಾಂಶಕ್ಕೆ ಕೊಲೆಗೂ ಸಂಹಾರಕ್ಕೂ ಇರುವ ಅಂತರ ತಿಳಿಯದು. ಅದರ ಪರಿಣಾಮವಾಗಿ ಅಂತರ ತಿಳಿದಿರುವ ಮಗು ಎರಡನ್ನೂ ಬರೆಯುವುದನ್ನು ಬಿಡುತ್ತದೆ.

ಚಳಿಗಾಲದ ರಜೆಯಲ್ಲಿ ಅವನಿಗೊಂದು ಗೆರೆಯಿರುವ ದಪ್ಪ ನೋಟ್‌ಬುಕ್ ತಂದುಕೊಟ್ಟೆ. ಕಥೆಗಳು ಮೊದಲು ಅದರಲ್ಲಿ ಬರುತ್ತವೆ, ಅಕ್ಷರ ಕೋಳಿಕಾಲು. ಅದರೊಳಗೆ ಏನಿದೆಯೆಂದು ನಾನು ನೋಡುವುದಿಲ್ಲ. ನೋಡಬೇಕೆಂಬ ಆಸೆಯಂತೂ ದಿನವೂ ಆಗುತ್ತದೆ.

ಈ ವರ್ಷದ ಒಪ್ಪಂದ ಪತ್ರವನ್ನು ಶಾಲೆಯವರು ಮುಂಚಿತವಾಗಿಯೇ ಕಳುಹಿಸಿದ್ದಾರೆ. ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದೇನೆ, ಪ್ರತಿದಿನ ರಾತ್ರಿ ಊಟವಾದ ಮೇಲೆ ಮಗ ಒಂದು ಪುಟವನ್ನು ಗಟ್ಟಿಯಾಗಿ ಓದುತ್ತಾನೆ. ನಿನ್ನೆಗೆ ಹನ್ನೊಂದನೆಯ ಪುಟ ಮುಗಿಯಿತು. ಖಾತೆಯಲ್ಲಿರುವ ಕಡತಗಳನ್ನು ಯಾವಾಗ ಬೇಕಾದರೂ ಪರಿಶೀಲಿಸಬಹುದು ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಅಳಿಸಿದ್ದೂ?’ ಎಂದು ಬರೆದಿದ್ದಾನೆ. ಕೊನೆಯ ಪುಟದಲ್ಲಿ ನನ್ನ ಸಹಿಯ ಜಾಗ ಇನ್ನೂ ಖಾಲಿಯಿದೆ. ಸೋಮವಾರ ಆ ಪ್ರಶ್ನೆಯನ್ನು ಶಾಲೆಗೆ ಕಳುಹಿಸುತ್ತೇನೆ.