ಹೊಸ ಬಡಾವಣೆಯ ಬೀದಿ ಮೊದಲು ಯಾರಿಗೆ?

ಪ್ರಶ್ನೆ: ಹೊಸದಾಗಿ ಕಟ್ಟುವ ಬಡಾವಣೆಯ ಒಳಬೀದಿಗಳನ್ನು ಮೊದಲ ದಿನದಿಂದಲೇ ನಡೆಯುವವರ ಅಳತೆಗೆ ಕಟ್ಟಿ, ಕಾರುಗಳನ್ನು ಅಂಚಿಗೆ ಸರಿಸಬೇಕೆ?

ಪರ: ಒಮ್ಮೆ ಎಳೆದ ಗೆರೆ ಅಳಿಯುವುದಿಲ್ಲ

1666ರ ಬೆಂಕಿಯಲ್ಲಿ ಲಂಡನ್ನಿನ ಹಳೆಯ ನಗರ ಬಹುಪಾಲು ಸುಟ್ಟುಹೋಯಿತು. ಕೆಲವೇ ದಿನಗಳಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಹೊಸ ನಕ್ಷೆಯೊಂದನ್ನು ದೊರೆಯ ಮುಂದೆ ಹರವಿದರು. ಅಗಲವಾದ ನೇರ ಬೀದಿಗಳು, ವಿಶಾಲ ಚೌಕಗಳು. ಆ ನಕ್ಷೆ ಕಾಗದದಲ್ಲೇ ಉಳಿಯಿತು. ಮನೆಗಳು ಸುಟ್ಟಿದ್ದವೇ ಹೊರತು ಯಾರ ಜಾಗ ಎಲ್ಲಿಯವರೆಗೆ ಎಂಬ ಹಕ್ಕು ಸುಟ್ಟಿರಲಿಲ್ಲ. ಊರು ಮತ್ತೆ ಎದ್ದದ್ದು ಬಹುಮಟ್ಟಿಗೆ ಹಳೆಯ ಬೀದಿಗಳ ಜಾಡಿನಲ್ಲೇ.

ಮನೆಯನ್ನು ಕೆಡವಬಹುದು, ಮಹಡಿ ಏರಿಸಬಹುದು. ನಿವೇಶನ ಹಂಚಿ, ಕೊಳವೆ ಹೂತು, ಅಂಚುಗಲ್ಲು ನೆಟ್ಟ ಮೇಲೆ ಬೀದಿ ಮಾತ್ರ ಅಲುಗುವುದಿಲ್ಲ. ಹಳೆಯ ಊರಿನಲ್ಲಿ ಫುಟ್‌ಪಾತನ್ನು ಒಂದು ಅಡಿ ಹಿಗ್ಗಿಸಲು ಎಷ್ಟು ಬಾಗಿಲು ತಟ್ಟಬೇಕು, ಎಷ್ಟು ಜನರ ಬಾಯಿಗೆ ಬೀಳಬೇಕು ಎಂಬುದು ಆ ಕೆಲಸಕ್ಕೆ ಇಳಿದವರಿಗೇ ಗೊತ್ತು. ಖಾಲಿ ನೆಲದ ಮೇಲೆ ಬಡಾವಣೆ ಬರೆಯುವಾಗ ಈ ಜಗಳ ಇಲ್ಲ. ಒಂದೇ ಒಂದು ಸಲ ಸಿಗುವ ಆ ಅವಕಾಶವನ್ನು ನಿಂತ ಕಾರುಗಳಿಗೆ ಬಿಟ್ಟುಕೊಡುವುದೇ?

ನಿಂತ ಕಾರು ಎಂದು ಬೇಕೆಂದೇ ಹೇಳಿದೆ. ಖಾಸಗಿ ಕಾರು ದಿನದ ಬಹುಪಾಲು ಓಡುವುದಿಲ್ಲ. ಅದು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್ ನೆಲ ಬೇಕು. ಅಷ್ಟರಲ್ಲಿ ಒಂದು ಕೋಣೆ ಕಟ್ಟಬಹುದು, ಒಂದು ದೊಡ್ಡ ಮರಕ್ಕೆ ಬೇರಿನ ಜಾಗ ಕೊಡಬಹುದು. ಬೀದಿಯ ಎರಡೂ ಬದಿಗೆ ಕಾರಿನ ಸಾಲಿಗೆಂದು ಜಾಗ ತೆಗೆದಿಟ್ಟ ಮೇಲೆ, ಮಿಕ್ಕ ಚೂರಿನಲ್ಲಿ ಫುಟ್‌ಪಾತ್, ದೀಪದ ಕಂಬ, ಚರಂಡಿ, ಗಿಡ ಎಲ್ಲವನ್ನೂ ತುರುಕುತ್ತೇವೆ. ಆಮೇಲೆ ಜನ ನಡೆಯುತ್ತಿಲ್ಲ ಎಂದು ಜನರನ್ನೇ ದೂರುತ್ತೇವೆ.

ಕನ್ನಡದಲ್ಲಿ ರಸ್ತೆ ಮತ್ತು ಬೀದಿ ಎರಡೂ ಇರುವುದು ಸುಮ್ಮನೆ ಅಲ್ಲ ಎಂದು ನನಗೆ ಅನ್ನಿಸುತ್ತದೆ. ರಸ್ತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲಿಕ್ಕೆ, ಬೀದಿ ಇರಲಿಕ್ಕೆ. ನಾಟಕ ಆಡುವುದು ಬೀದಿಯಲ್ಲಿ. ಅಕ್ಕಪಕ್ಕದವರನ್ನು ‘ನಮ್ಮ ಬೀದಿಯವರು’ ಎನ್ನುತ್ತೇವೆ, ‘ನಮ್ಮ ರಸ್ತೆಯವರು’ ಎಂದು ಅಷ್ಟಾಗಿ ಅನ್ನುವುದಿಲ್ಲ. ಈ ಅಂತರವನ್ನು ಎಣಿಸಿ ತೋರಿಸಿದವರು ನಗರ ವಿನ್ಯಾಸಕ ಡೊನಾಲ್ಡ್ ಆಪಲ್‌ಯಾರ್ಡ್. 1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೋಡಲು ಹೆಚ್ಚುಕಡಿಮೆ ಒಂದೇ ತೆರನಾದ ಮೂರು ಬೀದಿಗಳ ಜನರನ್ನು ಅವರು ಮಾತಾಡಿಸಿದರು. ದಿನಕ್ಕೆ ಸುಮಾರು 2,000 ವಾಹನ ಓಡುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಮಂದಿ ಗೆಳೆಯರು, 6ಕ್ಕೂ ಹೆಚ್ಚು ಪರಿಚಿತರು. ದಿನಕ್ಕೆ 16,000 ವಾಹನ ಓಡುವ ಬೀದಿಯಲ್ಲಿ ಪರಿಚಿತರು 3 ಮಂದಿ. ಗೆಳೆಯರ ಸರಾಸರಿ ಒಂದನ್ನೂ ಮುಟ್ಟಲಿಲ್ಲ. ನಿಮ್ಮ ಮನೆಯ ವ್ಯಾಪ್ತಿ ಎಲ್ಲಿಯವರೆಗೆ, ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿ ಎಂದಾಗ ಮೊದಲ ಬೀದಿಯವರು ಇಡೀ ಬೀದಿಯನ್ನು ಸುತ್ತಿ ಎಳೆದರು. ಕೊನೆಯ ಬೀದಿಯವರ ಗೆರೆ ತಮ್ಮ ಕಟ್ಟಡದ ಗೋಡೆ ದಾಟಲಿಲ್ಲ.

ವೇಗಕ್ಕೆ ಫಲಕ ನೆಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬೀದಿಯನ್ನು 60ರ ವೇಗಕ್ಕೆ ಕಟ್ಟಿ, ಮೂಲೆಯಲ್ಲಿ 30 ಎಂದು ಬರೆದು ನಿಲ್ಲಿಸಿದರೆ ಚಾಲಕನ ಕಾಲು ಕೇಳುವುದು ಬೀದಿಯ ಮಾತನ್ನೇ. ಮೂಲೆಯ ತಿರುವು ಬಿಗಿಯಾಗಿದ್ದರೆ, ಲೇನ್ ಕಿರಿದಾಗಿದ್ದರೆ, ಕಣ್ಣಿಗೆ ಕಾಣುವ ದಾರಿ ನೂರು ಮೀಟರಿಗೊಮ್ಮೆ ಬಳುಕಿದರೆ ಪೊಲೀಸರಿಲ್ಲದೆಯೂ ಕಾರು ನಿಧಾನವಾಗುತ್ತದೆ. ಇದು ಬರೀ ಶಿಸ್ತಿನ ಮಾತಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರಿನ ಹೊಡೆತದಲ್ಲಿರುವ ಶಕ್ತಿ 30 ಕಿ.ಮೀ. ವೇಗದ್ದಕ್ಕಿಂತ ಎರಡೂಮುಕ್ಕಾಲು ಪಟ್ಟು. ಅಡ್ಡ ಓಡಿಬಂದ ಮಗು ಬದುಕುತ್ತದೋ ಇಲ್ಲವೋ ಎಂಬುದು ಬಹಳಷ್ಟು ಸಲ ಅಲ್ಲೇ ತೀರ್ಮಾನವಾಗುತ್ತದೆ.

ಇದನ್ನೆಲ್ಲ ಮಾಡಿ ತೋರಿಸಿದ ಊರುಗಳಿವೆ. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 1960ರ ದಶಕದ ಕೊನೆಗೆ ಶುರುವಾದ ‘ವೋನೆರ್ಫ್’ ಬೀದಿಗಳಿಗೆ ಆ ದೇಶ 1976ರಲ್ಲಿ ಕಾನೂನಿನ ಮಾನ್ಯತೆ ಕೊಟ್ಟಿತು. ಅಲ್ಲಿ ಕಾರು ಬರಬಹುದು, ಆದರೆ ಅತಿಥಿಯ ಹಾಗೆ, ನಡಿಗೆಯ ವೇಗದಲ್ಲಿ. ಅದೇ ದೇಶದ ಹೌಟೆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಊರಿನ ಸುತ್ತ ಒಂದು ವರ್ತುಲ ರಸ್ತೆ, ನಡುವೆ ರೈಲು ನಿಲ್ದಾಣ. ಸೈಕಲ್ ಹತ್ತಿದವರು ಎಲ್ಲಿಂದ ಎಲ್ಲಿಗಾದರೂ ನೇರ ಹೋಗಬಹುದು. ಕಾರಿನವರು ಪಕ್ಕದ ಬಡಾವಣೆಗೆ ಹೋಗಲೂ ಬಹುತೇಕ ವರ್ತುಲಕ್ಕೆ ಹೊರಟು ಸುತ್ತಿಬರಬೇಕು. ಕಾರನ್ನು ಯಾರೂ ನಿಷೇಧಿಸಿಲ್ಲ. ಹತ್ತಿರದ ದಾರಿಯನ್ನು ಕಾಲಿಗೆ ಕೊಟ್ಟರು, ದೂರದ್ದನ್ನು ಎಂಜಿನ್ನಿಗೆ ಬಿಟ್ಟರು. ಜರ್ಮನಿಯ ಫ್ರೈಬುರ್ಗ್ ನಗರದ ವೊಬಾನ್ ಬಡಾವಣೆ ಫ್ರೆಂಚ್ ಸೇನೆ ತೆರವು ಮಾಡಿದ ನೆಲದ ಮೇಲೆ ಎದ್ದದ್ದು. ಅಲ್ಲಿನ ಬಹಳಷ್ಟು ಬೀದಿಗಳಲ್ಲಿ ಮನೆಯ ಮುಂದೆ ಕಾರು ನಿಲ್ಲಿಸುವ ಜಾಗವೇ ಇಲ್ಲ. ಕಾರಿದ್ದವರು ಅಂಚಿನ ಪಾರ್ಕಿಂಗ್ ಕಟ್ಟಡದಲ್ಲಿ ಜಾಗ ಕೊಳ್ಳಬೇಕು. ಸಾಮಾನು ಇಳಿಸಲು ಮನೆಯವರೆಗೆ ಬರಬಹುದು, ಬಿಟ್ಟು ಹೋಗುವಂತಿಲ್ಲ.

ನೀರಿನ ಮಾತನ್ನೂ ಸೇರಿಸಲೇಬೇಕು. ಕಾರಿಗೆಂದು ಹಾಸಿದ ಡಾಂಬರು ಮಳೆಯನ್ನು ಕುಡಿಯುವುದಿಲ್ಲ. ಸ್ವೀಡನ್ನಿನ ಮಾಲ್ಮೊ ನಗರದ ಔಗುಸ್ಟೆನ್‌ಬೊರ್ಗ್‌ನಲ್ಲಿ ಮಳೆ ಬಂದರೆ ನೆಲಮಾಳಿಗೆಗಳಿಗೆ ನೀರು ನುಗ್ಗುತ್ತಿತ್ತು. 1990ರ ದಶಕದ ಕೊನೆಯಿಂದ ಅಲ್ಲಿ ತೆರೆದ ಕಾಲುವೆ, ಕೊಳ, ಹಸಿರು ಚಾವಣಿಗಳನ್ನು ಮಾಡಿ ನೀರನ್ನು ನೆಲದ ಮೇಲೆಯೇ ನಿಧಾನಿಸಿದರು. ಅದು ಇದ್ದ ಬಡಾವಣೆಯನ್ನು ಬಗೆದು ಮಾಡಿದ ಕೆಲಸ. ಹೊಸದರಲ್ಲಿ ಬಗೆಯುವ ಖರ್ಚೇ ಇರುವುದಿಲ್ಲ.

ವಿರೋಧ: ಬಸ್ಸು ಬರುವ ಮೊದಲೇ ಕಾರನ್ನು ಅಟ್ಟಬೇಡಿ

ಮೇಲಿನ ಬರಹ ಓದಿದರೆ ನನಗೂ ಹೌಟೆನ್‌ಗೆ ಮನೆ ಬದಲಾಯಿಸುವ ಆಸೆಯಾಗುತ್ತದೆ. ಅದೇ ದೇಶದ ಇನ್ನೊಂದು ಬಡಾವಣೆಯನ್ನು ಮಾತ್ರ ಅದು ಮರೆತಿದೆ: ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್ಮೇರ್.

ಅದರ ನಕ್ಷೆ ಬರೆದವರೂ ಇದೇ ಕನಸು ಕಂಡವರು. ಜೇನುಗೂಡಿನ ಆಕಾರದ ಎತ್ತರದ ಕಟ್ಟಡಗಳು. ಕಾರುಗಳು ಮೇಲೆತ್ತಿದ ರಸ್ತೆಗಳಲ್ಲಿ, ನೆಲವೆಲ್ಲ ಹುಲ್ಲು, ಮರ, ಕಾಲುದಾರಿ, ಸೈಕಲ್ ದಾರಿ. ಕಾರು ನಿಲ್ಲಿಸಲು ಪ್ರತ್ಯೇಕ ಕಟ್ಟಡ, ಅಲ್ಲಿಂದ ಮನೆಗೆ ನಡಿಗೆ. ಮೊದಲ ನಿವಾಸಿಗಳು 1968ರಲ್ಲಿ ಬಂದರು. ಮೆಟ್ರೊ ಬಂದದ್ದು 1977ರಲ್ಲಿ. ಅಂಗಡಿಗಳೂ ತಡವಾದವು. ಪಾರ್ಕಿಂಗ್ ಕಟ್ಟಡದಿಂದ ಮನೆಗೆ ಹೋಗುವ ದಾರಿ ಕತ್ತಲಾದ ಮೇಲೆ ಹೆಜ್ಜೆ ಇಡಲು ಹೆದರುವ ದಾರಿಯಾಯಿತು. ಬೇರೆ ಆಯ್ಕೆ ಇದ್ದವರು ಬರಲಿಲ್ಲ, ಬಂದವರಲ್ಲಿ ಅನೇಕರು ನಿಲ್ಲಲಿಲ್ಲ. 1990ರ ದಶಕದಲ್ಲಿ ಆರಂಭವಾದ ನವೀಕರಣದಲ್ಲಿ ಆ ಕಟ್ಟಡಗಳಲ್ಲಿ ಬಹಳಷ್ಟನ್ನು ಕೆಡವಿದರು, ಮೇಲೆತ್ತಿದ ರಸ್ತೆಗಳನ್ನು ಅಲ್ಲಲ್ಲಿ ನೆಲಕ್ಕಿಳಿಸಿದರು. ಜನ ಮತ್ತು ಕಾರನ್ನು ಮತ್ತೆ ಒಂದೇ ಬೀದಿಗೆ ತಂದರು.

‘ಬೀದಿ ಇರಲಿಕ್ಕೆ’ ಎಂಬ ಮಾತು ಚೆನ್ನಾಗಿದೆ. ಆದರೆ ಬೀದಿಪಾಲು ಎಂಬ ಮಾತೂ ಅದೇ ಭಾಷೆಯಲ್ಲಿದೆ. ಯಾರ ಕಣ್ಣೂ ಬೀಳದ ಬಯಲು, ನಕ್ಷೆಯಲ್ಲಿ ಎಷ್ಟೇ ಹಸಿರಾಗಿ ಕಂಡರೂ, ಸಂಜೆಯ ಮೇಲೆ ಯಾರದ್ದೂ ಅಲ್ಲ. ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಇದನ್ನು ಎಚ್ಚರಿಸಿದ್ದರು. ಬೀದಿಯನ್ನು ಕಾಯುವುದು ಅದಕ್ಕೆ ತೆರೆದುಕೊಂಡ ಬಾಗಿಲು, ಕಿಟಕಿ, ಅಂಗಡಿ ಮತ್ತು ಹೊತ್ತಲ್ಲದ ಹೊತ್ತಿನಲ್ಲೂ ಓಡಾಡುವ ಜನ. ಹೊಸ ಬಡಾವಣೆಯಲ್ಲಿ ಮೊದಲ ಹತ್ತು ವರ್ಷ ಇಲ್ಲದಿರುವುದು ಅದೇ. ಅರ್ಧ ನಿವೇಶನ ಖಾಲಿ, ಅಂಗಡಿಗೆ ಗಿರಾಕಿ ಸಾಲದು, ಗಿರಾಕಿ ಇಲ್ಲವೆಂದು ಅಂಗಡಿ ಇಲ್ಲ. ಜನ ತುಂಬಿಲ್ಲವೆಂದು ಬಸ್ಸು ಗಂಟೆಗೊಂದು. ಬಸ್ಸು ಇಲ್ಲವೆಂದು ಜನ ತುಂಬುವುದಿಲ್ಲ. ಆ ಹತ್ತು ವರ್ಷ ಅಲ್ಲಿ ಬಾಳುವವರು ನಿಜವಾದ ಮನುಷ್ಯರು. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್, ಮಂಡಿ ನೋವಿನ ಅಪ್ಪನನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯುವ ಮಗಳು. ಅವರಿಗೆ ಮುನ್ನೂರು ಮೀಟರ್ ಆಚೆಯ ಪಾರ್ಕಿಂಗ್ ಕಟ್ಟಡ ಪರಿಸರ ಪ್ರೇಮವಾಗಿ ಕಾಣುವುದಿಲ್ಲ, ಶಿಕ್ಷೆಯಾಗಿ ಕಾಣುತ್ತದೆ. ವೊಬಾನ್‌ನ ಕತೆಯಲ್ಲೂ ಬಿಟ್ಟುಹೋದ ಒಂದು ಸಾಲಿದೆ. ಅದು ದಿಕ್ಕಿಲ್ಲದ ಬಯಲಿನಲ್ಲಿ ಎದ್ದದ್ದಲ್ಲ. ಕೆಲಸ, ಕಾಲೇಜು, ಟ್ರ್ಯಾಮ್ ಜಾಲ ಮೊದಲೇ ಇದ್ದ ನಗರಕ್ಕೆ ಅಂಟಿಕೊಂಡೇ ಇದೆ. 2006ರಲ್ಲಿ ಟ್ರ್ಯಾಮ್ ಆ ಬಡಾವಣೆಯ ಒಳಕ್ಕೇ ಬಂತು.

ಬ್ರಿಟನ್ನಿನ ಸ್ಟೀವನೇಜ್ ಇನ್ನೊಂದು ಪಾಠ. 1946ರಲ್ಲಿ ಘೋಷಣೆಯಾದ ಆ ಹೊಸ ಪಟ್ಟಣದ ಮುಖ್ಯ ಎಂಜಿನಿಯರ್ ಎರಿಕ್ ಕ್ಲಾಕ್ಸ್ಟನ್ ತಾವೇ ಸೈಕಲ್ ಸವಾರರು. ಮುಖ್ಯ ರಸ್ತೆಗಳ ಬದಿಗೆ ಪ್ರತ್ಯೇಕ ಸೈಕಲ್ ದಾರಿ, ಸರ್ಕಲ್ಲುಗಳಲ್ಲಿ ಕೆಳಸೇತುವೆ, ಎಲ್ಲ ಕೊಟ್ಟರು. ಆದರೂ ಊರು ಸೈಕಲ್ ಹತ್ತಲಿಲ್ಲ, ಕಾರು ಹತ್ತಿತು. ಕಾರಿಗೂ ದಾರಿ ಸಲೀಸಾಗಿತ್ತಲ್ಲ, ಅದಕ್ಕೇ ಹೀಗಾಯಿತು ಎಂದು ಪರ ವಹಿಸಿದವರು ಹೇಳಬಹುದು. ಒಪ್ಪುತ್ತೇನೆ. ಆದರೆ ಕಾರಿನ ದಾರಿಯನ್ನು ಕಷ್ಟ ಮಾಡುವ ಮೊದಲು ಬೇರೆ ದಾರಿಯನ್ನು ಸುಲಭ ಮಾಡಿದ್ದೀರಾ ಎಂದು ಕೇಳುವುದು ನನ್ನ ಕೆಲಸ. ಬಡಾವಣೆ ಕಟ್ಟುವವರ ಕೈಯಲ್ಲಿ ಬೀದಿ ಇರುತ್ತದೆ, ಬಸ್ಸು ಇರುವುದಿಲ್ಲ.

ಇನ್ನು ಅಂಚುಗಲ್ಲಿನ ವಿಷಯ. ಫುಟ್‌ಪಾತ್ ಮತ್ತು ರಸ್ತೆಯನ್ನು ಒಂದೇ ಮಟ್ಟಕ್ಕೆ ತಂದು, ಎಲ್ಲರೂ ಎಲ್ಲರನ್ನೂ ನೋಡಿಕೊಂಡು ನಡೆಯಲಿ ಎಂಬ ವಿನ್ಯಾಸ ಫೋಟೊದಲ್ಲಿ ಬಹಳ ಚೆಂದ. ಕಣ್ಣು ಕಾಣದವರಿಗೆ ನೋಡಿಕೊಂಡು ನಡೆಯುವುದು ಹೇಗೆ ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಅವರ ಕೋಲಿಗೆ ‘ಇಲ್ಲಿಗೆ ನಿನ್ನ ಜಾಗ ಮುಗಿಯಿತು’ ಎಂದು ಹೇಳುವುದೇ ಆ ಅಂಚುಗಲ್ಲು. ಬ್ರಿಟನ್ನಿನಲ್ಲಿ ಅಂಧರ ಸಂಘಟನೆಗಳು ವರ್ಷಗಟ್ಟಲೆ ಪ್ರತಿಭಟಿಸಿದ ಮೇಲೆ, 2018ರಲ್ಲಿ ಅಲ್ಲಿನ ಸರ್ಕಾರವೇ ಇಂಥ ಹೊಸ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಆಡಳಿತಗಳಿಗೆ ಹೇಳಬೇಕಾಯಿತು. ಜನಸ್ನೇಹಿ ಎಂಬ ಪದದೊಳಗೆ ಯಾವ ಜನ ಎಂದು ಕೇಳದೆ ಮಾಡಿದ ಕೆಲಸ ಅದು.

ನೀರು ಇಂಗುವ ನೆಲಹಾಸು, ಮಳೆನೀರನ್ನು ಹಿಡಿದಿಡುವ ತೋಟಗಳ ಬಗ್ಗೆ ನನ್ನ ತಕರಾರು ಚಿಕ್ಕದು. ಹೂಳು ತುಂಬಿದರೆ ಇಂಗುವ ಕಲ್ಲು ಬರೀ ಕಲ್ಲು. ಅದನ್ನು ಹೀರಿ ಸ್ವಚ್ಛ ಮಾಡುವ ಯಂತ್ರ, ಆಳು, ಹಣ ಯಾರದ್ದು ಎಂದು ಬಡಾವಣೆಯ ಹಸ್ತಾಂತರದ ಕಾಗದದಲ್ಲಿ ಬರೆದಿರುವುದಿಲ್ಲ.

ಅಗಲದ ಲೆಕ್ಕಕ್ಕೆ ಬರೋಣ. ಅಗ್ನಿಶಾಮಕ ವಾಹನ ನಿಂತು ಕೆಲಸ ಮಾಡಲು ಬ್ರಿಟನ್ನಿನ 2007ರ ಬೀದಿ ಕೈಪಿಡಿ ಹೇಳುವ ಅಗಲ 3.7 ಮೀಟರ್. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಗ್ನಿ ಸಂಹಿತೆ ಕೇಳುವುದು 20 ಅಡಿ, ಅಂದರೆ 6 ಮೀಟರಿಗೂ ತುಸು ಹೆಚ್ಚು. ಎರಡನೆಯದು ಅತಿಯಾಯಿತು ಎಂದೇ ಇಟ್ಟುಕೊಳ್ಳೋಣ. ಮೊದಲನೆಯದನ್ನು ನಂಬಿ ಕಟ್ಟಿದ ಬೀದಿಯಲ್ಲಿ ಪಾರ್ಸೆಲ್ ತಂದ ವ್ಯಾನೊಂದು ಐದು ನಿಮಿಷ ನಿಂತಿದೆ ಎಂದುಕೊಳ್ಳಿ. ಹಿಂದೆ ಆಂಬುಲೆನ್ಸ್ ಬಂದರೆ ಆ 3.7 ಮೀಟರ್ ಎಲ್ಲಿ ಉಳಿಯಿತು? ಮನೆಯ ಮುಂದೆ ಕಾರು ನಿಲ್ಲಬಾರದು ಎಂದು ಬರೆಯುವುದು ಸುಲಭ. ಬೆಳಗಿನಿಂದ ರಾತ್ರಿಯವರೆಗೆ ಬಾಗಿಲಿಗೆ ಸಾಮಾನು ತರಿಸಿಕೊಳ್ಳುವ ಕಾಲದಲ್ಲಿ ವ್ಯಾನು ನಿಲ್ಲಬಾರದು ಎಂದು ಬರೆಯುವವರು ಯಾರು?

ರೆನ್ ಕತೆ ನನಗೂ ಬೇಕು. ಬೀದಿಯ ಗೆರೆ ಅಳಿಯುವುದಿಲ್ಲ ಎಂಬುದು ನಿಜವಾದರೆ, ಇಕ್ಕಟ್ಟಾಗಿ ಎಳೆದ ಗೆರೆಯೂ ಅಳಿಯುವುದಿಲ್ಲ. ಅಗಲ ಬಿಟ್ಟಿದ್ದರೆ ಮುಂದೆ ಅದನ್ನು ಜನರಿಗೆ ಮರಳಿಸಬಹುದು. ಕೋಪನ್‌ಹೇಗನ್ 1962ರಲ್ಲಿ ಸ್ಟ್ರೋಯೆಟ್ ಬೀದಿಯಿಂದ ಕಾರುಗಳನ್ನು ಹೊರಹಾಕಿದ್ದು ಹಾಗೆ. 2009ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇ ಮೇಲೆ ಕುರ್ಚಿ ಹಾಕಿ ಜನರನ್ನು ಕೂರಿಸಿದ್ದೂ ಹಾಗೆ. ಇವು ಕಾರಿನ ರಸ್ತೆಗಳಾಗಿದ್ದವು. ಸಂಚಾರಕ್ಕೆ ಬೇರೆ ದಾರಿ ಇತ್ತು, ಬಳಸುವ ಜನ ಇದ್ದರು, ಕಾರನ್ನು ಸರಿಸಿದರು. ಹಾಗಾಗಿ ನಕ್ಷೆಗೆ ಸಹಿ ಹಾಕುವ ಮೊದಲು ನಾನು ಕೇಳುವುದು ಇಷ್ಟು: ಕಾರು ನಿಲ್ಲುವ ಜಾಗವನ್ನು ಕಾಂಕ್ರೀಟು ಮಾಡದೆ ಬಿಡಿ, ಅದರಡಿ ಕೊಳವೆ ಹಾಯಿಸಬೇಡಿ, ಎರಡು ಕಾರಿನ ನಡುವೆ ಒಂದು ಮರ ನೆಡಿ. ಹತ್ತು ನಿಮಿಷಕ್ಕೊಂದು ಬಸ್ಸು ಓಡಲು ಶುರುವಾದ ವರ್ಷ ಅಲ್ಲಿಂದ ಕಾರು ತೆಗೆಸಿ. ಅಷ್ಟು ಹೊತ್ತಿಗೆ ಮರಕ್ಕೂ ನೆರಳು ಬಂದಿರುತ್ತದೆ.