ಅರೆಬೆಂದ ಆಟಕ್ಕೆ ಪೂರ್ತಿ ಬೆಲೆ

ವಿಡಿಯೋ ಗೇಮ್ ಕೆಟ್ಟದಾಗಿ ಬಂದರೆ ನಮ್ಮ ಹುಡುಗರು ಮೊದಲು ಬೈಯುವುದು ಅದನ್ನು ಮಾಡಿದವರನ್ನು. ‘ಕೋಡ್ ಬರೆಯಲು ಬಾರದವರು’ ಎಂದು ಒಂದೇ ಮಾತಿಗೆ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಬಿಡುಗಡೆಯ ದಿನ ಗೊತ್ತು ಮಾಡುವವರು ಕೋಡ್ ಬರೆಯುವವರಲ್ಲ, ದುಡ್ಡು ಹಾಕಿದ ಪಬ್ಲಿಷರ್‌ಗಳು. ಅವರ ಕಣ್ಣಿರುವುದು ಕ್ರಿಸ್‌ಮಸ್ ವ್ಯಾಪಾರದ ಮೇಲೆ, ಇಲ್ಲವೇ ಆರ್ಥಿಕ ವರ್ಷದ ಕೊನೆಯ ಲೆಕ್ಕದ ಮೇಲೆ. ಆಟ ಸಿದ್ಧವಾಗಿದೆಯೇ ಎಂಬ ವಿಚಾರಣೆ ಆಮೇಲೆ.

ಈ ರೋಗ ಹಳೆಯದು. 1982ರ ಜುಲೈ ಕೊನೆಯಲ್ಲಿ ಅಮೆರಿಕದ ವಿಡಿಯೋ ಗೇಮ್ ಕಂಪನಿ ಅಟಾರಿ ‘ಇ.ಟಿ.’ ಸಿನಿಮಾದ ಹಕ್ಕು ಪಡೆದು, ಕ್ರಿಸ್‌ಮಸ್‌ಗೆ ಆಟ ಅಂಗಡಿಯಲ್ಲಿ ಇರಲೇಬೇಕು ಎಂದು ಹಟ ಹಿಡಿಯಿತು. ಹೋವರ್ಡ್ ಸ್ಕಾಟ್ ವಾರ್ಶಾ ಎಂಬ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಸುಮಾರು ಐದು ವಾರ. ಇದೇ ಮನುಷ್ಯ ‘ಯಾರ್ಸ್ ರಿವೆಂಜ್’ ಎಂಬ ಆಟವನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ ಜನ ಮೆಚ್ಚುವಂತೆ ಮಾಡಿದ್ದ. ಐದು ವಾರದ ಆಟದಲ್ಲಿ ನಾಯಕ ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತಿದ್ದ. ಕೈ ಅದೇ, ಕಾಲಾವಕಾಶ ಬೇರೆ. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು, ಅಂದರೆ ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿಗಳನ್ನು, ಕಂಪನಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿತು. 2014ರಲ್ಲಿ ಅವುಗಳಲ್ಲಿ ಕೆಲವನ್ನು ಅಗೆದು ಹೊರತೆಗೆದರು.

ಅಂದು ಅವಸರ ಮಾಡಿದವರೇ ನಷ್ಟವನ್ನೂ ಉಂಡರು. ಕಾರ್ಟ್ರಿಜ್ ಒಮ್ಮೆ ಅಂಗಡಿಗೆ ಹೋದರೆ ತಿದ್ದಲು ಬರುತ್ತಿರಲಿಲ್ಲ, ಹಾಗಾಗಿ ತಪ್ಪು ಮಾಡಲು ಹೆದರಿಕೆಯಾದರೂ ಇತ್ತು. ಟಿವಿಗೆ ಜೋಡಿಸಿ ಆಡುವ ಯಂತ್ರಗಳಿಗೆ, ಅಂದರೆ ಕನ್ಸೋಲ್‌ಗಳಿಗೆ, ಇಂಟರ್ನೆಟ್ ಬಂದ ಮೇಲೆ ಆ ಹೆದರಿಕೆ ಹೋಯಿತು. ಈಗ ಏನಿದ್ದರೂ ‘ಪ್ಯಾಚ್ ಕೊಡುತ್ತೇವೆ’, ಅಂದರೆ ತಿದ್ದುಪಡಿಯನ್ನು ಆಮೇಲೆ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಿ. ಅವಸರದ ಖರ್ಚು ಸದ್ದಿಲ್ಲದೆ ಕೊಂಡವನ ತಲೆಗೆ ಬಂದು ಕೂತಿದೆ.

ಆ ಖರ್ಚು ಹೇಗಿರುತ್ತದೆ ಎಂದು ನೋಡಬೇಕಾದರೆ ಮೇ ತಿಂಗಳಲ್ಲಿ ಜೇವರ್ಗಿ ತಾಲೂಕಿನ ನನ್ನ ಅಕ್ಕನ ಮನೆಗೆ ಬನ್ನಿ. ಅಕ್ಕನ ಮಗ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಸೆಕೆಂಡ್ ಹ್ಯಾಂಡ್ ಕನ್ಸೋಲ್ ಕೊಂಡ. ಜೊತೆಗೆ ಹೊಸದಾಗಿ ಬಂದಿದ್ದ ಒಂದು ಆಟದ ಡಿಸ್ಕನ್ನು ಪೂರ್ತಿ ಬೆಲೆ ಕೊಟ್ಟು ತಂದ. ಡಿಸ್ಕ್ ಹಾಕಿದ ಕೂಡಲೇ ಪರದೆಯ ಮೇಲೆ ಅಪ್‌ಡೇಟ್ ಕೇಳಿತು, ನಲವತ್ತು ಜಿಬಿ ಚಿಲ್ಲರೆ. ಅವನ ಮೊಬೈಲ್‌ಗೆ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ಹಾಟ್‌ಸ್ಪಾಟ್ ಹಚ್ಚಿದ ಫೋನು ಆ ಬಿಸಿಲಿಗೆ ಕಾದ ಹೆಂಚಾಗಿ ತಾನೇ ಆಫ್ ಆಗುತ್ತಿತ್ತು. ಅದಕ್ಕೆ ಅವನು ಕೂಲರ್ ಮುಂದೆ ಸ್ಟೂಲ್ ಇಟ್ಟು, ಅದರ ಮೇಲೆ ಫೋನ್ ಇಟ್ಟು, ತಾನು ಬೆವರುತ್ತ ಪಕ್ಕದಲ್ಲಿ ಕೂತಿದ್ದ. ಮನೆಯ ಹಿರಿಯರಿಗೂ ಸಿಗದ ಗಾಳಿ ಆ ಫೋನಿಗೆ! ಅಷ್ಟರಲ್ಲಿ ಕರೆಂಟ್ ಹೋಯಿತು. ‘ಮಾಮಾ, ಅಪ್‌ಡೇಟ್ ಇಲ್ಲದೆಯೇ ಆಡುತ್ತೇನೆ’ ಎಂದು ಮರುದಿನ ಹಾಗೆಯೇ ಶುರು ಮಾಡಿದ. ಎರಡನೆಯ ಹಂತದ ಸೇತುವೆ ದಾಟುವಾಗ ನಾಯಕ ನೆಲದೊಳಗೆ ಸೊಂಟದ ತನಕ ಹೂತು ನಿಂತುಬಿಟ್ಟ. ಮತ್ತೆ ಮೊದಲಿನಿಂದ ಆಡಿದರೂ ಅದೇ ಸೇತುವೆ, ಅದೇ ಗತಿ. ಲೆಕ್ಕ ಹಾಕಿದರೆ ಆ ಡಿಸ್ಕ್ ನಿಜವಾಗಿ ಆಟವಾಗಲು ಅವನ ಪ್ಯಾಕ್‌ಗೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು, ಅದೂ ಅವನು ಬೇರೆ ಏನನ್ನೂ ನೋಡದೆ ಇದ್ದರೆ. ಮನೆಗೆ ಫೈಬರ್ ಇರುವವರಿಗೆ ಇದು ತಮಾಷೆ ಎನಿಸಬಹುದು. ನನಗೆ ಎನಿಸುವುದಿಲ್ಲ.

ದೊಡ್ಡ ಹೆಸರುಗಳೂ ಈ ದಾರಿಯಲ್ಲೇ ಹೋದವು. ‘ಸೈಬರ್‌ಪಂಕ್ 2077’ ಬಿಡುಗಡೆಯ ದಿನವನ್ನು ಮೂರು ಸಲ ಮುಂದೂಡಿ, 2020ರ ಡಿಸೆಂಬರ್ 10ಕ್ಕೆ ಬಂತು. ಅಷ್ಟರಲ್ಲಿ 80 ಲಕ್ಷ ಪ್ರತಿಗಳು ಮುಂಗಡವಾಗಿಯೇ ಮಾರಾಟವಾಗಿದ್ದವು. ಸೋನಿಯ ಹಳೆಯ ಕನ್ಸೋಲ್ ಪಿಎಸ್4ನಲ್ಲಿ ಅದು ಎಷ್ಟು ಕೆಟ್ಟದಾಗಿತ್ತೆಂದರೆ ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಅದನ್ನು ತೆಗೆದು, ಹಣ ವಾಪಸ್ ಕೊಡಲು ಮುಂದಾಯಿತು. ಮರಳಿ ಬಂದಿದ್ದು 2021ರ ಜೂನ್‌ನಲ್ಲಿ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಅದನ್ನು ಮಾಡಿದ ಪೋಲೆಂಡಿನ ಸಿಡಿ ಪ್ರಾಜೆಕ್ಟ್‌ಗೆ ಹೊರಗಿನ ಪಬ್ಲಿಷರ್‌ನ ಕಾಟವೇ ಇರಲಿಲ್ಲ. ತನ್ನ ಆಟಕ್ಕೆ ತಾನೇ ಪಬ್ಲಿಷರ್. ಆದರೆ ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗೆ ಒತ್ತಡ ಹೇರಲು ಹೊರಗಿನವರು ಬೇಕಾಗಿಲ್ಲ. ಆಮೇಲೆ ಅದರ ಸಹಸಂಸ್ಥಾಪಕರು ವಿಡಿಯೋದಲ್ಲಿ ಕಾಣಿಸಿಕೊಂಡು, ತಂಡವನ್ನು ದೂರಬೇಡಿ, ಹೊಣೆ ಆಡಳಿತದ್ದು ಎಂದರು. ಅದು ದೊಡ್ಡ ಮಾತು. ಜೊತೆಗೆ, ಬಹಳಷ್ಟು ದೋಷಗಳು ತಮ್ಮ ಪರೀಕ್ಷೆಯಲ್ಲಿ ಕಂಡಿರಲಿಲ್ಲ ಎಂದೂ ಹೇಳಿದರು.

ಅದನ್ನು ಒಪ್ಪಲು ನನಗೆ ಕಷ್ಟ. ನಮ್ಮ ಓಣಿಯ ಒಬ್ಬ ಹುಡುಗಿ ಬೆಂಗಳೂರಿನಲ್ಲಿ ಬೇರೆ ಯಾವುದೋ ಕಂಪನಿಗೆ ಗೇಮ್ ಟೆಸ್ಟಿಂಗ್ ಮಾಡುತ್ತಾಳೆ. ಒಂದೇ ಬಾಗಿಲನ್ನು ಮುನ್ನೂರು ಸಲ ತೆರೆದು ಮುಚ್ಚುವ ಕೆಲಸ. ದೋಷ (ಅವರ ಮಾತಿನಲ್ಲಿ ಬಗ್) ಕಂಡರೆ ವಿಡಿಯೋ ಹಿಡಿದು, ಹತ್ತು ಸಲ ಆಡಿದರೆ ಎಷ್ಟು ಸಲ ಕಾಣುತ್ತದೆ ಎಂದು ಬರೆದು ಕಳಿಸಬೇಕು. ಯುಗಾದಿಗೆ ಊರಿಗೆ ಬಂದಾಗ ನಗುತ್ತಲೇ ಹೇಳಿದಳು, ‘ಕಾಕಾ, ನಿಮಗೆ ಕಂಡದ್ದು ನಮಗೆ ಕಂಡಿಲ್ಲ ಎಂದುಕೊಂಡಿದ್ದೀರಾ? ಕೊನೆಯ ತಿಂಗಳು ಬಗ್ ಹುಡುಕುವುದಕ್ಕಿಂತ, ಯಾವ ಬಗ್ ಇಟ್ಟುಕೊಂಡೇ ಬಿಡುಗಡೆ ಮಾಡಬಹುದು ಎಂಬ ಮೀಟಿಂಗೇ ಹೆಚ್ಚು.’ ಆ ಮೀಟಿಂಗಿಗೆ ಅವಳನ್ನು ಕರೆಯುವುದಿಲ್ಲ.

ಹಾಗೆಂದು ಗಡುವೇ ಬೇಡ ಎನ್ನುವವನು ನಾನಲ್ಲ. ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಆಟವನ್ನು 1997ರಲ್ಲಿ ಘೋಷಿಸಿ, ‘ಸಿದ್ಧವಾದಾಗ ಬರುತ್ತದೆ’ ಎನ್ನುತ್ತಲೇ ಹೋದರು. ಕೈ ಬದಲಾಗಿ 2011ರಲ್ಲಿ ಬಂದಾಗ ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕಿದರು. ಇತ್ತ ಜಪಾನಿನ ನಿಂಟೆಂಡೋ ಕಂಪನಿಯ ‘ಮಜೋರಾಸ್ ಮಾಸ್ಕ್’ ತಯಾರಾಗಿದ್ದು ಸುಮಾರು ಒಂದೇ ವರ್ಷದಲ್ಲಿ. ಅದೇ ಸರಣಿಯ ಹಿಂದಿನ ಆಟದ ಪಾತ್ರಗಳ ಮಾದರಿಗಳನ್ನೇ ಮತ್ತೆ ಬಳಸಿ, ಮೂರೇ ದಿನಗಳ ಕತೆ ಮರಳಿ ಮರಳಿ ನಡೆಯುವಂತೆ ಕಟ್ಟಿ, 2000ದ ಏಪ್ರಿಲ್‌ನಲ್ಲಿ ಹೊರತಂದರು. ಇಂದಿಗೂ ಅದನ್ನು ಹೊಗಳುವವರಿದ್ದಾರೆ. ನಮ್ಮ ಕಲಬುರಗಿಯ ಶರಣಬಸವೇಶ್ವರರ ತೇರಿನ ದಿನವೂ ಯಾರಿಗಾಗಿಯೂ ಮುಂದೆ ಹೋಗುವುದಿಲ್ಲ, ಆದರೆ ಗಾಲಿ ರಿಪೇರಿಯನ್ನು ತೇರು ಹೊರಟ ಮೇಲೆ ನೋಡಿಕೊಳ್ಳೋಣ ಎಂದು ಯಾರೂ ಹೇಳುವುದಿಲ್ಲ. ದಿನ ಗಟ್ಟಿಯಾದರೆ ಕೆಲಸವನ್ನು ಕಡಿಮೆ ಮಾಡಿ. ಕೆಲಸ ಕಡಿಮೆ ಮಾಡಲು ಮನಸ್ಸಿಲ್ಲದಿದ್ದರೆ ದಿನವನ್ನು ಮುಂದೂಡಿ. ಎರಡೂ ಆಗದು ಎಂದಾಗ ಕೋಡ್ ಬರೆಯುವ ಹುಡುಗರನ್ನು ರಾತ್ರಿಯಿಡೀ ಕೂರಿಸುತ್ತಾರೆ. ಅದಕ್ಕೆ ಕ್ರಂಚ್ ಎಂದು ಹೆಸರು, ಓವರ್‌ಟೈಮ್ ಹಣ ಕೇಳಿ ಅಮೆರಿಕದಲ್ಲಿ ಕೋರ್ಟಿಗೆ ಹೋದವರೂ ಇದ್ದಾರೆ.

‘ಜಿಟಿಎ 6’ ಎಂಬ ಆಟದ ಬಿಡುಗಡೆಯನ್ನು 2025ರಿಂದ 2026ರ ಮೇ 26ಕ್ಕೆ, ಅಲ್ಲಿಂದ ನವೆಂಬರ್ 19ಕ್ಕೆ ದೂಡಿದಾಗ ಫೇಸ್‌ಬುಕ್ ತುಂಬ ಶಾಪ. ಶಪಿಸಿದವರಲ್ಲಿ ಅಕ್ಕನ ಮಗನೂ ಒಬ್ಬ, ಸೇತುವೆಯಲ್ಲಿ ಸೊಂಟದ ತನಕ ಹೂತವನೇ! ಮುಂಗಡ ಕೊಟ್ಟು ಕೊಳ್ಳಬೇಡ, ವರ್ಷ ತಡೆದರೆ ತಿದ್ದಿದ ಆಟ ಅರ್ಧ ಬೆಲೆಗೆ ಸಿಗುತ್ತದೆ ಎಂದೆ. ‘ವರ್ಷ ತಡೆದರೆ ಗೆಳೆಯರೆಲ್ಲ ಆಡಿ ಮುಗಿಸಿರುತ್ತಾರೆ ಮಾಮಾ’ ಎಂದ. ಪಬ್ಲಿಷರ್‌ಗಳ ಧೈರ್ಯವೆಲ್ಲ ನಿಂತಿರುವುದು ಇವನ ಈ ಮಾತಿನ ಮೇಲೆ, ಆದರೆ ಹದಿನೇಳರ ಹುಡುಗನಿಗೆ ನಾನು ಏನು ಹೇಳಲಿ?

ಕಂಪನಿಗಳನ್ನು ನಾನು ಕೇಳುವುದು ಇಷ್ಟೇ. ಈಗ ಎಷ್ಟೋ ಆಟಗಳ ಡಬ್ಬಿಯ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಇಂಟರ್ನೆಟ್ ಬೇಕಾಗಬಹುದು’ ಎಂದಿರುತ್ತದೆ. ಅದರ ಬದಲು ಡಬ್ಬಿಯ ಮುಂಭಾಗದಲ್ಲೇ, ಬೆಲೆಯ ಪಕ್ಕದಲ್ಲಿ, ಡಿಸ್ಕಿನಲ್ಲಿರುವ ಆಟವನ್ನು ಇಂಟರ್ನೆಟ್ ಇಲ್ಲದೆ ಕೊನೆಯವರೆಗೆ ಆಡಬಹುದೋ ಇಲ್ಲವೋ ಎಂದು ಛಾಪಿಸಲಿ. ಇಲ್ಲ ಎಂದಾದರೆ ಎಷ್ಟು ಜಿಬಿ ಇಳಿಸಿಕೊಳ್ಳಬೇಕು ಎಂದೂ ಇರಲಿ. ಜೇವರ್ಗಿಯ ಹುಡುಗ ಸೂಪರ್ ಮಾರ್ಕೆಟ್‌ನ ಅಂಗಡಿಯಲ್ಲೇ ಅದನ್ನು ಓದಿ, ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ.