ಫಾರ್ಮ್ಯಾಟ್ ಮಾಡಿಸೋ ಮುಂಚೆ

ಮಳೆಗಾಲದಲ್ಲಿ ಕೊಡಗಿನ ಕರೆಂಟಿನ ಪಾಡು ಯಾರಿಗೂ ಹೇಳಬೇಕಿಲ್ಲ. ತೋಟದ ಲೆಕ್ಕ, ಹೋಮ್‌ಸ್ಟೇ ಬುಕಿಂಗ್ ಎಲ್ಲ ಇರೋ, ಡಿಸ್ಕಿಗೆ ಪಾಸ್‌ವರ್ಡಿನ ಬೀಗ (ಎನ್‌ಕ್ರಿಪ್ಶನ್) ಹಾಕಿರೋ ಲಿನಕ್ಸ್ ಕಂಪ್ಯೂಟರ್ ಅಪ್‌ಡೇಟ್ ಮಧ್ಯೆ ಆಫ್ ಆಗುತ್ತೆ. ಮತ್ತೆ ಆನ್ ಮಾಡಿದರೆ ಡಿಸ್ಕ್ ಪಾಸ್‌ವರ್ಡ್ ಕೇಳೋದೇ ಇಲ್ಲ, ಇಲ್ಲವೇ ಕೇಳಿದರೂ ಒಪ್ಪೋದಿಲ್ಲ. "ಡಿಸ್ಕ್ ಹೋಯ್ತು, ಫಾರ್ಮ್ಯಾಟ್ ಮಾಡಿ" ಅನ್ನೋ ಸಲಹೆ ಮಾತ್ರ ತಕ್ಷಣ ಸಿಗುತ್ತೆ. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಬೀಗದ ಕೀ ಇರೋದು ಡಿಸ್ಕಿನ ಹೆಡರ್‌ನಲ್ಲಿ, ಅಂದರೆ ಬೀಗ ಹಾಕಿದ ಭಾಗದ ಶುರುವಿನ ತುಣುಕಿನಲ್ಲಿ. ಲಿನಕ್ಸಿನ ಈ ಬೀಗದ ಪದ್ಧತಿಯಾದ ಲಕ್ಸ್ 2ರಲ್ಲಿ ಸಾಮಾನ್ಯವಾಗಿ ಮೊದಲ 16 ಎಂಬಿ. ಅದು ಅಳಿಸಿದರೆ ಪಾಸ್‌ವರ್ಡ್ ನೆನಪಿದ್ದೂ ಉಪಯೋಗವಿಲ್ಲ.

ಭಾಗಮಂಡಲದಿಂದ ಮಡಿಕೇರಿಗೆ ಸಿಪಿಯು ಹೊತ್ತುಕೊಂಡು ಹೋಗೋ ಮುಂಚೆ ಮನೆಯಲ್ಲೇ ನೋಡಿ.

ಬರೀ ಲೋಗೋ ಕಂಡು ನಿಂತಿದ್ದರೆ ಎಸ್ಕೇಪ್ ಒತ್ತಿ. ಪಾಸ್‌ವರ್ಡ್ ಕೇಳೋ ಪ್ರಶ್ನೆ ಚಿತ್ರದ ಹಿಂದೆ ಅಡಗಿರಬಹುದು. ಎನ್‌ವಿಡಿಯಾ ಕಾರ್ಡ್ ಇರೋ ಕಡೆ ಇದು ಮಾಮೂಲು. ಆಗದಿದ್ದರೆ ಗ್ರಬ್ (ಲಿನಕ್ಸ್ ಶುರುವಾಗೋ ಮುಂಚಿನ ಬೂಟ್) ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗೋ ಸಾಲಿನಿಂದ 'ಕ್ವೈಟ್', 'ಸ್ಪ್ಲ್ಯಾಷ್' ಎರಡನ್ನೂ ತೆಗೆದು ಎಫ್10 ಒತ್ತಿ.

ಪಾಸ್‌ವರ್ಡ್ ಒಪ್ಪದಿದ್ದರೆ ಅನುಮಾನ ಮೊದಲು ಕೀಬೋರ್ಡಿನ ಮೇಲಿರಲಿ. ಕ್ಯಾಪ್ಸ್ ಲಾಕ್, ನಮ್ ಲಾಕ್, ಥಂಡಿಗೆ ಅಂಟಿಕೊಂಡ ಕೀ. ಗ್ರಬ್‌ನಲ್ಲಿ 'ಸಿ' ಒತ್ತಿದರೆ ಬರೋ ಕಮಾಂಡ್ ಸಾಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ನೋಡಿ, ಅಲ್ಲಿ ಕಣ್ಣಿಗೆ ಕಾಣುತ್ತೆ. ಬ್ಲೂಟೂತ್ ಕೀಬೋರ್ಡ್ ಈ ಹಂತದಲ್ಲಿ ಸಾಮಾನ್ಯವಾಗಿ ಕೆಲಸ ಮಾಡಲ್ಲ, ವೈರಿನದು ಹಾಕಿ. ಇನ್ನು ಕನ್ನಡ ಅಕ್ಷರದಲ್ಲಿ ಡಿಸ್ಕ್ ಪಾಸ್‌ವರ್ಡ್ ಇಡಲೇಬೇಡಿ. ಭಾಷಾಭಿಮಾನಕ್ಕೆ ಬೇರೆ ಜಾಗಗಳಿವೆ.

ಪ್ರಶ್ನೆಯೇ ಬರದಿದ್ದರೆ ಕರೆಂಟಿನ ಕಥೆ. ಪಾಸ್‌ವರ್ಡ್ ಕೇಳೋದು ಕರ್ನಲ್ (ಲಿನಕ್ಸಿನ ತಿರುಳು) ಜೊತೆ ಲೋಡ್ ಆಗೋ ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಪುಟ್ಟ ಫೈಲು. ಅದು ತಯಾರಾಗೋ ಹೊತ್ತಿಗೆ ಕರೆಂಟ್ ಹೋದರೆ ಅರೆಬೆಂದ ಕಡಂಬಿಟ್ಟು. ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಿಂದ ಹಳೆ ಕರ್ನಲ್ ಆರಿಸಿ. ಅದು ಹತ್ತಿಕೊಂಡರೆ ಒಳಗೆ ಹೋಗಿ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಅನ್ನು ಎಲ್ಲ ಕರ್ನಲ್‌ಗೂ ಓಡಿಸಿ, ಫೆಡೋರಾದಲ್ಲಾದರೆ ಡ್ರಾಕಟ್.

ಹಳೆಯದೂ ಹತ್ತದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸೋದು) ಬೂಟ್ ಮಾಡಿ, ಕ್ರಿಪ್ಟ್‌ಸೆಟಪ್ ಅನ್ನೋ ಕಮಾಂಡ್‌ನಲ್ಲಿ ಡಿಸ್ಕಿನ ಬೀಗ ತೆರೆಯಿರಿ. ತೆರೆದುಕೊಂಡರೆ ಪಾಸ್‌ವರ್ಡ್ ಸರಿಯಿದೆ, ಡೇಟಾಕ್ಕೂ ದಾರಿ ಸಿಕ್ಕಿತು. ಮೊದಲು ಲೆಕ್ಕದ ಫೈಲುಗಳನ್ನು ಬೇರೆ ಡ್ರೈವಿಗೆ ಕಾಪಿ ಮಾಡಿ. ಆಮೇಲೆ ಕ್ರೂಟ್ ಮಾಡಿ, ಅಂದರೆ ಪೆನ್‌ಡ್ರೈವ್‌ನಿಂದಲೇ ನಿಮ್ಮ ಸಿಸ್ಟಮ್ಮಿನೊಳಗೆ ಹೊಕ್ಕು, ಇನಿಟ್‌ರಾಮ್‌ಎಫ್‌ಎಸ್ ತಯಾರಿಸೋ ಅದೇ ಕಮಾಂಡ್ ಓಡಿಸಿ. ಇಲ್ಲಿ ಎಷ್ಟೋ ಜನ ಎಡವೋದು ಹೆಸರಿನಲ್ಲಿ: ಕ್ರಿಪ್ಟ್‌ಟ್ಯಾಬ್ (ಬೀಗ ಹಾಕಿದ ಡಿಸ್ಕುಗಳ ಪಟ್ಟಿ) ಫೈಲಿನಲ್ಲಿ ಏನು ಹೆಸರಿದೆಯೋ ಅದೇ ಹೆಸರಲ್ಲಿ ಡಿಸ್ಕ್ ತೆರೆಯಬೇಕು. ಡೆಬಿಯನ್, ಉಬುಂಟುಗಳಲ್ಲಿ ಹೆಸರು ಬೇರೆಯಾದರೆ ಹೊಸ ಇನಿಟ್‌ರಾಮ್‌ಎಫ್‌ಎಸ್‌ಗೆ ಬೀಗ ತೆಗೆಯೋ ಭಾಗವೇ ಸೇರದೆ, ಮತ್ತೆ ಅದೇ ಕಪ್ಪು ಪರದೆ. ಕ್ರಿಪ್ಟ್‌ಟ್ಯಾಬ್‌ನಲ್ಲಿರೋ ಯುಯುಐಡಿಯೂ (ಡಿಸ್ಕಿನ ಗುರುತಿನ ಸಂಖ್ಯೆ) 'ಬಿಎಲ್‌ಕೆಐಡಿ' ಕಮಾಂಡ್ ತೋರಿಸೋದೂ ಒಂದೇನಾ ಅಂತ ತಾಳೆ ನೋಡಿ.

ಎಲ್ಲ ಸರಿಹೋದ ದಿನವೇ ಕ್ರಿಪ್ಟ್‌ಸೆಟಪ್‌ನ 'ಲಕ್ಸ್‌ಹೆಡರ್‌ಬ್ಯಾಕಪ್'ನಿಂದ ಹೆಡರ್‌ನ ನಕಲು ತೆಗೆದು ಬೇರೆ ಪೆನ್‌ಡ್ರೈವ್‌ನಲ್ಲಿ ಇಡಿ. ಆ ಪೆನ್‌ಡ್ರೈವ್ ಬೀರುವಿನೊಳಗೇ ಇರಲಿ. ನೀವು ಮುಂದೆ ಪಾಸ್‌ವರ್ಡ್ ಬದಲಿಸಿದರೂ, ಆ ಹಳೆ ಹೆಡರ್ ಮತ್ತು ಹಳೆ ಪಾಸ್‌ವರ್ಡ್ ಸಿಕ್ಕವರಿಗೆ ನಿಮ್ಮ ಡಿಸ್ಕ್ ತೆರೆದುಕೊಳ್ಳುತ್ತೆ.